ಗುಂಡಿ ತೋಡಿದವನ ಹೊಣೆ

ಗುಂಡಿ ತೋಡಿ ಮುಚ್ಚದೆ ಬಿಟ್ಟವನು ಅದರಲ್ಲಿ ಬಿದ್ದು ಸತ್ತ ಎತ್ತಿನ ಬೆಲೆಯನ್ನು ತೆರಬೇಕೆಂಬುದು ವಿಮೋಚನಕಾಂಡದ 21ನೆಯ ಅಧ್ಯಾಯದ ವಿಧಿ. ದೊಡ್ಡಬಳ್ಳಾಪುರದಲ್ಲಿ ಈ ವಿಧಿ ಯಾರಿಗೆ ಅನ್ವಯಿಸುತ್ತದೆ? ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯವೂ ಪಟ್ಟಣದ ಒಳಚರಂಡಿ ನೀರೂ ಹರಿದು ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳು ಕೆಟ್ಟವು. ಗ್ರಾಮಸ್ಥರು ಶುದ್ಧ ನೀರಿಗಾಗಿ ಬೀದಿಗಿಳಿದರು. ಸರ್ಕಾರವೇ ಶುದ್ಧೀಕರಿಸಲಿ ಎನ್ನುವುದು ಸುಲಭ. ಆದರೆ ಆ ಬೊಕ್ಕಸದಲ್ಲಿ, ಸಾಬೂನು ಕೊಳ್ಳುವಾಗ ಅದೇ ರೈತ ತೆತ್ತ ತೆರಿಗೆಯೂ ಇದೆ. ನೀರು ಕಳೆದುಕೊಂಡವನೇ ವೆಚ್ಚವನ್ನೂ ಹೊರುವುದು ನ್ಯಾಯವೇ? ರಾಜಸ್ಥಾನದ ಬಿಛ್ರಿ ಗ್ರಾಮದ ಮೊಕದ್ದಮೆಯಲ್ಲಿ, ಬಾವಿಗಳನ್ನು ಕೆಡಿಸಿದ ಕಾರ್ಖಾನೆಗಳೇ ಪರಿಹಾರಕಾರ್ಯದ ವೆಚ್ಚ ಭರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲೇ ತೀರ್ಪಿತ್ತಿತು. ಒಳಚರಂಡಿಯ ಪಾಲು ಮಾತ್ರ ಪಟ್ಟಣವಾಸಿಗಳದ್ದೇ. ಅದನ್ನು ಅವರು ತೆರಿಗೆಯಿಂದ ತೆರುವುದು ಧರ್ಮ. ಉಳಿದ ಪಾಲಿನ ತೀರ್ಮಾನವಾಗುವವರೆಗೆ ಕೆರೆ ಕಾಯಲಾರದು. ಸರ್ಕಾರ ಈಗಲೇ ಶುದ್ಧೀಕರಿಸಲಿ. ಖರ್ಚಿನ ಲೆಕ್ಕವನ್ನು ಬರೆದಿಟ್ಟು, ತ್ಯಾಜ್ಯ ಹರಿಸಿದವರಿಂದ ಪೈಸೆ ಬಿಡದೆ ವಸೂಲು ಮಾಡಲಿ.