ಸಿಮಿಲಿ ಅಂದರೆ ಮುಗಿಯಿತೆ?

ಪರೀಕ್ಷೆ ಹತ್ತಿರ ಬಂತೆಂದರೆ ಅಕ್ಕಪಕ್ಕದ ಮನೆಯ ಮಕ್ಕಳು, ನೆಂಟರ ಮಕ್ಕಳು ವಾಟ್ಸಾಪಿನಲ್ಲಿ ಇಂಗ್ಲಿಷ್ ಪ್ರಶ್ನೆಗಳ ಫೋಟೊ ಕಳಿಸುತ್ತಾರೆ. ವ್ಯಾಕರಣದ್ದಾದರೆ ಅಷ್ಟು ತಲೆನೋವಿಲ್ಲ. ಕ್ವೆಶ್ಚನ್ ಟ್ಯಾಗ್ ಒಂದು ಸ್ವಲ್ಪ ಕಾಡುತ್ತದೆ. ನಮಗೆ ಯಾವ ಮಾತಿನ ಕೊನೆಗೂ ‘ಅಲ್ವಾ’ ಸಾಕು. ಇಂಗ್ಲಿಷಿನಲ್ಲಿ ಕರ್ತೃ, ಕಾಲ, ಕ್ರಿಯಾಪದ ಎಲ್ಲ ನೋಡಿ, ವಾಕ್ಯ ಹೌದೆಂದರೆ ಟ್ಯಾಗ್ ಇಲ್ಲವೆನ್ನಬೇಕು. ನಾಲ್ಕು ವಾಕ್ಯ ಬರೆಸಿದರೆ ಹಿಡಿತ ಸಿಗುತ್ತದೆ.

ಫಿಗರ್ ಆಫ್ ಸ್ಪೀಚ್ ಹಾಗಲ್ಲ. ಉತ್ತರ ಸಿಕ್ಕ ಕೂಡಲೇ ಓದು ನಿಂತುಹೋಗುತ್ತದೆ. ‘ಲೈಕ್’, ‘ಆ್ಯಸ್’ ಕಂಡರೆ ಸಿಮಿಲಿ, ಕಾಣದಿದ್ದರೆ ಮೆಟಫರ್, ನೆಲವೋ ಮರವೋ ಮಾತಾಡಿದರೆ ಪರ್ಸಾನಿಫಿಕೇಶನ್. ಪದ್ಯ ಓದದೆಯೂ ಅಂಕ ಬೀಳುತ್ತದೆ. ಗೈಡುಗಳು ಕಲಿಸುವುದೂ ಇಷ್ಟನ್ನೇ.

ನಮ್ಮ ರಾಜ್ಯದ ಹತ್ತನೇ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷ್ ಪಠ್ಯದಲ್ಲಿ ‘ಕ್ವಾಲಿಟಿ ಆಫ್ ಮರ್ಸಿ’ ಎಂಬ ಪದ್ಯವಿದೆ. ಅದು ಶೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ನ್ಯಾಯಾಲಯದ ದೃಶ್ಯದಲ್ಲಿ ಪೋರ್ಷಿಯಾ ಆಡುವ ಮಾತು. ಕರುಣೆಯನ್ನು ಆಕೆ ಆಕಾಶದಿಂದ ಇಳಿಯುವ ಮಳೆಗೆ ಹೋಲಿಸುತ್ತಾಳೆ.

“ಸಿಮಿಲಿ ಅಂತ ಬರೆದರೆ ಸಾಕಲ್ವಾ ಮಾಮ?” ಎಂದು ಹುಡುಗಿಯೊಬ್ಬಳು ಕೇಳಿದಳು.

“ಕನ್ನಡ ಪೇಪರಲ್ಲಾದರೆ ಏನು ಬರೀತೀಯ?”

ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ಪಟಪಟ ಒಪ್ಪಿಸಿದಳು. ಹಾಗಾದರೆ ಇಲ್ಲಿ ಸಮಾನಧರ್ಮ ಯಾವುದು? ಒಂದು ಗಳಿಗೆ ಯೋಚಿಸಿ “ತಂಪು” ಎಂದಳು.

ತಪ್ಪಲ್ಲ, ಆದರೆ ಸಾಲದು. ಮೂರು ಸಾವಿರ ಡುಕಾಟ್ ಸಾಲ ತೀರಿಸಲಾಗದ ಆಂಟೋನಿಯೋನ ಮೈಯಿಂದ ಒಂದು ಪೌಂಡ್ ಮಾಂಸ ಕತ್ತರಿಸಿಕೊಳ್ಳಲು ಶೈಲಾಕ್ ಕಾದಿದ್ದಾನೆ. ಕರುಣೆ ತೋರಿಸಲೇಬೇಕು ಎನ್ನುತ್ತಾಳೆ ವಕೀಲನ ವೇಷದ ಪೋರ್ಷಿಯಾ. ಯಾವ ಬಲವಂತಕ್ಕೆ ತೋರಿಸಬೇಕು, ಹೇಳು ಎಂದು ಅವನು ತಿರುಗಿ ಕೇಳುತ್ತಾನೆ. ಪದ್ಯ ಹುಟ್ಟುವುದು ಆ ಪ್ರಶ್ನೆಗೆ ಉತ್ತರವಾಗಿ. ಮಳೆಯನ್ನು ಬಲವಂತ ಮಾಡಿ ಸುರಿಸಿದವರುಂಟೆ? ತಂಪಿನ ಹೋಲಿಕೆಯಷ್ಟೇ ಬೇಕಿದ್ದರೆ ಮರದ ನೆರಳೂ ಆಗುತ್ತಿತ್ತು. ವಾದಕ್ಕೆ ಮಳೆಯೇ ಬೇಕಿತ್ತು.

“ನಮ್ಮಜ್ಜಿ ಊರಲ್ಲಿ ಮಳೆಗೆ ಕಪ್ಪೆ ಮದುವೆ ಮಾಡ್ತಾರೆ, ಆದ್ರೂ ಬರಲ್ಲ” ಎಂದಳು ಹುಡುಗಿ. ನಾನು ಕೊಟ್ಟ ವಿವರಣೆಗಿಂತ ಇದೇ ಚೆನ್ನಾಗಿತ್ತು. ಬೇಡಿಕೊಳ್ಳಬಹುದು, ಬಾ ಎಂದು ಆಜ್ಞೆ ಮಾಡಲಾಗದು. ಪೋರ್ಷಿಯಾಳ ಮಾತೂ ಮುಂದೆ ಪ್ರಾರ್ಥನೆಯ ಕಡೆಗೇ ಹೊರಳುತ್ತದೆ: ದೇವರ ಕರುಣೆಯನ್ನು ಬೇಡುವ ನಾವು ಇನ್ನೊಬ್ಬರಿಗೂ ಅದನ್ನು ತೋರಬೇಡವೇ ಎಂಬ ಕಡೆಗೆ.

ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ದಿಂದಲೂ ಅಲಂಕಾರದ ವಿಚಾರ ಬೆಳೆಸಿಕೊಂಡು ಬಂದ ಭಾಷೆ ನಮ್ಮದು. ಲಕ್ಷಣ ಬರೆದು ಸಮನ್ವಯ ಮಾಡು ಎಂದು ಕನ್ನಡ ಪೀರಿಯಡ್ಡು ಕೇಳುತ್ತದೆ. ಅದೂ ಬಾಯಿಪಾಠಕ್ಕೆ ಇಳಿದಿದೆ ಎಂಬುದು ಬೇರೆ ಮಾತು. ಆದರೂ ಯಾವುದು ಯಾವುದಕ್ಕೆ, ಯಾವ ಗುಣದಿಂದ ಹೋಲುತ್ತದೆ ಎಂಬ ಪ್ರಶ್ನೆ ಅಲ್ಲಿ ಉಳಿದಿದೆ. ಮುಂದಿನ ಪೀರಿಯಡ್ಡಿಗೆ ಅದೇ ಮಗು ಅದನ್ನು ಮರೆತು ಒಂದೇ ಪದ ಬರೆದು ಬರುತ್ತದೆ.

ಆದ್ದರಿಂದ ಮನೆಯಲ್ಲಿ ಹೇಳಿಕೊಡುವವರಲ್ಲಿ ಒಂದು ವಿನಂತಿ. ಫೋಟೊ ಬಂದಾಗ ಹೆಸರು ಟೈಪ್ ಮಾಡಿ ಕಳಿಸಿ, ಅಂಕ ಬೇಕೇ ಬೇಕು. ಜೊತೆಗೆ ಸಮಾನಧರ್ಮ ಏನೆಂದು ಕನ್ನಡದಲ್ಲೇ ಕೇಳಿ, ಮಗು ಉತ್ತರಿಸುವವರೆಗೆ ಕಾಯಿರಿ.