ಉಂಡ ಮನಿ ಜಂತಿ ಎಣಿಸದೆ ಹೊರಡುವುದು

 

ಇವತ್ತಿನ ಧ್ಯಾನಕ್ಕೆ ಎರಡು ಭಾಗ ಓದಿದೆವು. ಒಂದು ಆದಿಕಾಂಡ 31ನೇ ಅಧ್ಯಾಯ, ಇನ್ನೊಂದು ಒಂದನೇ ಸಮುವೇಲ 12ನೇ ಅಧ್ಯಾಯ. ಎರಡರಲ್ಲೂ ಒಬ್ಬೊಬ್ಬ ಮನುಷ್ಯ ತಾನು ಬಹಳ ವರ್ಷ ಮಾಡಿದ ಕೆಲಸ ಬಿಟ್ಟು ಹೊರಡುತ್ತಾನೆ. ಒಬ್ಬ ಹೇಳದೆ ಹೋದ. ಇನ್ನೊಬ್ಬ ಎಲ್ಲರನ್ನೂ ಕರೆದು, ಲೆಕ್ಕ ಒಪ್ಪಿಸಿ ಇಳಿದ. ನಮ್ಮ ಇವತ್ತಿನ ಪ್ರಶ್ನೆ ಇಷ್ಟೇ: ನೌಕರಿ ಬಿಡುವವನು ಯಾರಿಗಾದರೂ ಏನಾದರೂ ಬಾಕಿ ಇರುತ್ತಾನೋ? ಇದ್ದರೆ ಯಾರಿಗೆ? ಎಷ್ಟು?

ಇದೇನು ಸಭೆಯೊಳಗೆ ನೌಕರಿ ಮಾತು ಅಂತ ಅನ್ನಬ್ಯಾಡ್ರಿ. ಅಸೂಟಿಯಿಂದ, ರೋಣದಿಂದ, ಗಜೇಂದ್ರಗಡದಿಂದ ನಮ್ಮ ಮಕ್ಕಳು ಹುಬ್ಬಳ್ಳಿ, ಬೆಂಗಳೂರು, ಗೋವಾಕ್ಕೆ ಹೋಗಿ ದುಡಿಯುತ್ತಾರೆ. ಕೆಲವರು ಖಾಸಗಿ ಶಾಲೆಯಲ್ಲಿ ಕಲಿಸುತ್ತಾರೆ, ಕೆಲವರು ದವಾಖಾನೆಯಲ್ಲಿ ನರ್ಸು, ಕೆಲವರು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಾರೆ, ಕೆಲವರು ಗುಡ್ಡದ ಮೇಲೆ ಗಾಳಿ ಫ್ಯಾನಿಗೆ ಕಾವಲು. ಅವರಲ್ಲಿ ಬಹಳ ಮಂದಿ ಎಂದಾದರೂ ಒಂದು ದಿನ ಕೆಲಸ ಬಿಡುತ್ತಾರೆ. ಆ ದಿನ ಹೇಗೆ ಬಿಡುತ್ತಾರೆ ಅನ್ನುವುದರಲ್ಲಿ ಅವರ ವಿಶ್ವಾಸ ಕಾಣುತ್ತದೆ.

ನಾವು ಸಾಮಾನ್ಯವಾಗಿ ನೋಡೋದು ಮೂರು ರೀತಿ. ಒಂದು, ಪಗಾರ ಬಂದ ಮರುದಿನ ಫೋನ್ ಸ್ವಿಚ್ ಆಫ್. ಎರಡು, ಮಾಲೀಕನ ಮುಂದೆ ಜೋರು ಬಾಯಿ ಮಾಡಿ, ಇದ್ದಬದ್ದ ಸಿಟ್ಟೆಲ್ಲ ಕಾರಿ, ಬಾಗಿಲು ಬಡಿದು ಬರುವುದು. ಮೂರು, "ಅವ್ವಗ ಆರಾಮಿಲ್ಲ, ಊರಿಗೆ ಹೋಗಬೇಕು" ಅಂತ ಸುಳ್ಳು ಹೇಳಿ ರಜೆ ಹಾಕಿ, ಬೇರೆ ಕಡೆ ಕೆಲಸಕ್ಕೆ ಸೇರುವುದು. ಗಟ್ಟಿಮುಟ್ಟಾಗಿರೋ ಅವ್ವನ್ನ ಮಂಚದ ಮೇಲೆ ಮಲಗಿಸಿ ನಾವು ನೌಕರಿ ಬದಲಿಸ್ತೀವಿ. ಹೌದಿಲ್ರೀ?

ಇದರ ಹಿಂದೆ ಒಂದು ಭಯ ಐತಿ. ಬಿಡುವುದೇ ದ್ರೋಹ ಅಂತ ನಮ್ಮ ಮನಸ್ಸಿನಲ್ಲಿ ಕುಂತಬಿಟ್ಟೈತಿ. ಉಪ್ಪು ತಿಂದ ಮನೆ ಬಿಡಬಾರದು ಅನ್ನುತ್ತಾರೆ. ಆದರೆ ಗಮನಿಸಿ, ಪಗಾರ ಭಿಕ್ಷೆ ಅಲ್ಲ. ಒಂದು ತಿಂಗಳು ದುಡಿದದ್ದಕ್ಕೆ ಒಂದು ತಿಂಗಳ ಕೂಲಿ ಬಂತು. ಅಲ್ಲಿಗೆ ಆ ಲೆಕ್ಕ ಚುಕ್ತಾ. ನಾಳೆಯ ನಿನ್ನ ಕೈಕಾಲು ನಿನ್ನೆಯ ಪಗಾರಕ್ಕೆ ಮಾರಾಟವಾಗಿಲ್ಲ. ಆದ್ದರಿಂದ ಬಿಡುವುದು ದ್ರೋಹವಲ್ಲ, ಕದ್ದು ಬಿಡುವ ಕಾರಣವೂ ಇಲ್ಲ. ನಮ್ಮ ಹಿರಿಯರ ಗಾದೆ ಸಹ ಉಂಡ ಮನಿ ಬಿಡಬ್ಯಾಡ ಅಂತ ಹೇಳೋದಿಲ್ಲ. ಉಂಡ ಮನಿ ಜಂತಿ ಎಣಿಸಬ್ಯಾಡ ಅಂತ ಹೇಳುತ್ತದೆ. ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆಯಲ್ಲಿ ಊಟಕ್ಕೆ ಕುಂತವನು ಮೇಲೆ ನೋಡಿ ಜಂತಿ ಎಷ್ಟು, ಯಾವುದು ಹುಳ ತಿಂದೈತಿ ಅಂತ ಎಣಿಸಿ ಹೊರಗೆ ಹೋಗಿ ಹೇಳಬಾರದು. ಒಳಗಿನ ನಂಬಿಕೆಯಿಂದ ಕಂಡದ್ದನ್ನು ಹೊರಗೆ ಹಾಕಬಾರದು ಅನ್ನುವುದು ಅದರ ಅರ್ಥ.

ಹಾಗಾದರೆ ಬಾಕಿ ಯಾರಿಗೆ? ಮಾಲೀಕನಿಗಿಂತ ಮೊದಲು, ನಮ್ಮ ಕೆಲಸವನ್ನು ನಂಬಿದವರಿಗೆ. ನೋಡ್ರಿ, ಹತ್ತನೇ ತರಗತಿಗೆ ಗಣಿತ ಕಲಿಸುವ ಟೀಚರ್ ಪರೀಕ್ಷೆ ಹತ್ತಿರ ಬಂದಾಗ ಹೇಳದೆ ಹೋದರೆ ಆಡಳಿತ ಮಂಡಳಿಗೆ ಏನೂ ಆಗೋದಿಲ್ಲ. ಪೆಟ್ಟು ಬೀಳೋದು ಹುಡುಗರಿಗೆ. ರಾತ್ರಿ ಪಾಳಿ ನರ್ಸು ಬರಲಿಲ್ಲ ಅಂದ್ರೆ, ಹಗಲು ದುಡಿದ ಇನ್ನೊಬ್ಬ ತಂಗಿ ರಾತ್ರಿಯೂ ನಿಲ್ಲಬೇಕು. ಸೊಸೈಟಿ ಗುಮಾಸ್ತ ಕೀಲಿಕೈ ಇಟ್ಟುಕೊಂಡು ಹೋದರೆ, ಪಾಸ್‌ಬುಕ್ ಹಿಡಿದು ಬಿಸಿಲಲ್ಲಿ ನಿಲ್ಲೋದು ರೈತ. ಒಂದು ತಿಂಗಳ ನೋಟಿಸು ಅಂತ ನೇಮಕಾತಿ ಪತ್ರದಲ್ಲಿ ಬರೆದಿರುತ್ತದಲ್ಲ, ಅದನ್ನು ನಾವು ಮಾಲೀಕನ ಸೊಕ್ಕು ಅಂದುಕೊಳ್ಳುತ್ತೇವೆ. ಆ ತಿಂಗಳಲ್ಲಿ ಅರ್ಧ ಪಾಲು ಪಕ್ಕದ ಟೇಬಲ್ಲಿನವರದು. ನಮ್ಮ ಹೊರೆ ಹೊರುವವರು ಅವರೇ.

ಈಗ ಯಾಕೋಬನನ್ನು ನೋಡೋಣ. ಲಾಬಾನನ ಮನೆಯಲ್ಲಿ 20 ವರ್ಷ ದುಡಿದ. 14 ವರ್ಷ ಮಡದಿಯರಿಗಾಗಿ, 6 ವರ್ಷ ಹಿಂಡಿಗಾಗಿ. ಮಾವ ಹತ್ತು ಸಾರಿ ಸಂಬಳ ಬದಲಿಸಿದ. ಯಾಕೋಬನ ದೂರು ಸುಳ್ಳಲ್ಲ, ಹೋಗು ಅಂತ ದೇವರೇ ಹೇಳಿದ್ದಾರೆ. ಆದರೂ ಲಾಬಾನ ಕುರಿ ಉಣ್ಣೆ ಕತ್ತರಿಸಲು ಹೋದ ಸಮಯ ನೋಡಿ ಹೇಳದೆ ಹೊರಟ. ಏನಾಯ್ತು? ಏಳು ದಿನದ ದಾರಿ ಬೆನ್ನಟ್ಟಿಸಿಕೊಂಡ. ಅಷ್ಟೇ ಅಲ್ಲ, ಅವನಿಗೆ ಗೊತ್ತಿಲ್ಲದೆ ರಾಹೇಲಳು ತಂದೆಯ ಮನೆದೇವರ ಬೊಂಬೆಗಳನ್ನು ಒಂಟೆಯ ಜೀನಿನೊಳಗೆ ಇಟ್ಟುಕೊಂಡು ಬಂದಿದ್ದಳು. ಇದನ್ನು ಗಮನಿಸಬೇಕು, ಪ್ರಿಯರೇ. ಲೆಕ್ಕ ಒಪ್ಪಿಸದೆ ಹೋಗುವವನ ಗಂಟಿನೊಳಗೆ ತನ್ನದಲ್ಲದ್ದು ಏನೋ ಒಂದು ಸೇರಿಕೊಂಡಿರುತ್ತದೆ. ಆಫೀಸಿನ ಸಿಮ್ಮು, ರಸೀದಿ ಬುಕ್ಕು, ಪಾಸ್‌ವರ್ಡು, ಗಿರಾಕಿಗಳ ನಂಬರ್ ಪಟ್ಟಿ. ಕದಿಯುವ ಮನಸ್ಸು ಇರಲಿಲ್ಲ ಖರೆ. ಆದರೆ ಹುಡುಕುತ್ತ ಬಂದವನ ಮುಂದೆ ಪ್ರಾಮಾಣಿಕನೂ ಕಳ್ಳನಂತೆ ನಿಲ್ಲಬೇಕಾಗುತ್ತದೆ.

ಆದರೆ ಯಾಕೋಬನ ಮೇಲೆ ಪೂರ್ತಿ ತಪ್ಪು ಹಾಕಬ್ಯಾಡ್ರಿ. ಹೆಂಡಂದಿರನ್ನು ಬಲವಂತವಾಗಿ ಕಸಿದುಕೊಳ್ಳುತ್ತಾನೆಂದು ಹೆದರಿದೆ ಅಂತ ಅವನೇ ಹೇಳುತ್ತಾನೆ. ರಾತ್ರೋರಾತ್ರಿ ಬಿಡಬೇಕಾದ ಮನೆಗಳು ಇಂದಿಗೂ ಇವೆ. ಮುಂಗಡ ಕೊಟ್ಟೆ ಅಂತ ಕೂಲಿಯವರನ್ನು ಕೂಡಿಹಾಕುವ ಜಾಗ, ಹೆಣ್ಣುಮಗಳ ಮೈಮೇಲೆ ಕೈ ಹಾಕುವ ಜಾಗ. ಅಲ್ಲಿ ನೋಟಿಸು, ವಿನಯದ ಪತ್ರ ಇವೆಲ್ಲ ನಡೆಯೋದಿಲ್ಲ. ಜೀತ ಪದ್ಧತಿ ರದ್ದತಿ ಕಾಯ್ದೆ ನಮ್ಮ ದೇಶದಲ್ಲಿ 1976ರಿಂದ ಇದೆ. ಜೀತದ ಸಾಲವೇ ಅಲ್ಲಿ ರದ್ದು. ಅಂಥಲ್ಲಿಂದ ಮೊದಲು ಹೊರಗೆ ಬಾ, ಆಮೇಲೆ ತಹಶೀಲ್ದಾರ್ ಕಚೇರಿಗೆ, ಪೊಲೀಸರಿಗೆ ಹೇಳು. ನಾನು ಇವತ್ತು ಹೇಳುವುದು ಹೋಗಲು ಬಾಗಿಲು ತೆರೆದಿರುವ ಮನೆಗಳ ಮಾತು.

ನಮ್ಮ ನಾಡಿನಲ್ಲಿ ಕೆಲಸ ಬಿಟ್ಟವರ ದೊಡ್ಡ ಉದಾಹರಣೆ ಸರ್ ಎಂ. ವಿಶ್ವೇಶ್ವರಯ್ಯನವರದು. 1912ರಿಂದ ಆರು ವರ್ಷ ಮೈಸೂರಿನ ದಿವಾನರು. 1918ರಲ್ಲಿ ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಷಯಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರ ಅಭಿಪ್ರಾಯ ಬೇರೆ ಇತ್ತು. ಆ ವರ್ಷದ ಕೊನೆಗೆ ಅವರು ಹುದ್ದೆ ಬಿಟ್ಟರು. ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಹೋಗಿ, ಕೊಟ್ಟಮೇಲೆ ಸ್ವಂತ ಕಾರಿನಲ್ಲಿ ಮನೆಗೆ ಬಂದರು ಅಂತ ಜನ ಇಂದಿಗೂ ಕಥೆ ಹೇಳುತ್ತಾರೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಅವರು ಯಾವ ಕಾರಣಕ್ಕೆ ಬಿಟ್ಟರೋ ಆ ಕಾರಣದಲ್ಲಿ ನಾನು ಅವರ ಪಕ್ಷ ಅಲ್ಲ. ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಅಂಥ ದಾರಿಗಳು ತೆರೆದದ್ದರಿಂದಲೇ ಹಿಂದುಳಿದವರ, ದಲಿತರ ಮಕ್ಕಳು ಮುಂದೆ ಕಚೇರಿಯ ಕುರ್ಚಿ ಕಂಡರು. ನಮ್ಮ ರೋಣ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಆದರೂ ಆ ಗಾಳಿ ಇಲ್ಲಿಗೂ ಮುಟ್ಟಿತು. ಆದರೆ ಬಿಟ್ಟ ರೀತಿ ಬೇರೆ ವಿಷಯ. ಅವರು ಹೋಗುವಾಗ ಸಂಸ್ಥಾನದ ಜೊತೆ ಸಂಬಂಧ ಕಡಿದುಕೊಂಡು ಹೋಗಲಿಲ್ಲ. 1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆ ಕಷ್ಟದಲ್ಲಿದ್ದಾಗ ಅದೇ ಸರ್ಕಾರ ಕರೆಯಿತು, ಅವರು ಬಂದರು, 1929ರವರೆಗೆ ಅದರ ಮಂಡಳಿಯ ಅಧ್ಯಕ್ಷರಾಗಿ ನಡೆಸಿದರು. ಅಭಿಪ್ರಾಯ ಸರಿಯೋ ತಪ್ಪೋ ಕಾಲ ತೂಗುತ್ತದೆ. ಆದರೆ ಭಿನ್ನಾಭಿಪ್ರಾಯ ಇದ್ದೂ ಮರ್ಯಾದೆಯಿಂದ ಹೊರಡಬಹುದು. ನಮ್ಮ ಕಾರಣ ನೂರಕ್ಕೆ ನೂರು ಸರಿ ಇರಬೇಕು ಅಂತೇನಿಲ್ಲ, ರೀತಿಯನ್ನಾದರೂ ನಾವು ಸರಿ ಇಟ್ಟುಕೊಳ್ಳಬಹುದು. ಕಾರಣ ಬಹಳ ಸರಿ ಇದ್ದವರೇ ಒಮ್ಮೊಮ್ಮೆ ರೀತಿ ಕೆಡಿಸಿಕೊಳ್ಳುತ್ತಾರೆ, ಯಾಕೋಬನ ಹಾಗೆ.

ಇನ್ನೊಂದು ಉದಾಹರಣೆ ನಮ್ಮ ಕಾಲದ್ದು. 2010ರ ಜೂನ್‌ನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ರಾಜೀನಾಮೆ ಕೊಟ್ಟರು. ಬೇಲೆಕೇರಿ ಬಂದರಿನ ಅಕ್ರಮ ಅದಿರು ಹಿಡಿದ ಅರಣ್ಯ ಅಧಿಕಾರಿಯ ಮೇಲೆಯೇ ಕ್ರಮ ಕೈಗೊಳ್ಳಲು ಹೊರಟಿದ್ದು ಅದಕ್ಕೆ ಕಾರಣ. ಜುಲೈ ಮೊದಲಲ್ಲಿ, ಹಿರಿಯರ ಮಾತಿಗೆ, ರಾಜೀನಾಮೆ ಹಿಂದಕ್ಕೆ ಪಡೆದರು. ಮುಂದಿನ ವರ್ಷ, 2011ರ ಜುಲೈನಲ್ಲಿ, ಅವಧಿ ಮುಗಿಯುವ ಮುನ್ನ ಗಣಿ ವರದಿ ಒಪ್ಪಿಸಿದರು. ಅದರ ಬೆನ್ನಿಗೇ ಮುಖ್ಯಮಂತ್ರಿಯೇ ಕುರ್ಚಿ ಬಿಟ್ಟರು. ಕೊಟ್ಟ ಪತ್ರ ಹಿಂದಕ್ಕೆ ಪಡೆದರೆ ಮಾನ ಹೋಗುತ್ತದೆ ಅಂತ ನಾವು ತಿಳಿಯುತ್ತೇವೆ. ಆದರೆ ಬಿಡುವ ಮುಂಚೆ ಕೇಳಿಕೊಳ್ಳಬೇಕಾದ್ದು ಇದು: ನಾನು ಹೋದರೆ ಅನ್ಯಾಯ ನಿಲ್ಲುತ್ತದೋ, ಇಲ್ಲಾ ಅನ್ಯಾಯ ಮಾಡುವವನಿಗೆ ದಾರಿ ಸಲೀಸಾಗುತ್ತದೋ? ಕೆಲವು ಸಾರಿ ಇರುವುದೇ ಧೈರ್ಯ. ಸಿಟ್ಟು ಬಂದ ದಿನ ಪತ್ರ ಬರೆಯಬ್ಯಾಡ್ರಿ. ಬರೆದರೂ ಕೊಡಬ್ಯಾಡ್ರಿ. ಒಂದು ವಾರ ಪ್ರಾರ್ಥನೆಯಲ್ಲಿಡ್ರಿ.

ಈಗ ಸಮುವೇಲನ ಹತ್ತಿರ ಬರೋಣ. ಜನರಿಗೆ ಅರಸ ಬೇಕಾದ. ಮುದುಕನಿಗೆ ಮನಸ್ಸು ನೊಂದಿತ್ತು. ಅವನ ಮಕ್ಕಳು ಲಂಚ ತಿಂದಿದ್ದರು, ಅದೂ ಜನರ ಬಾಯಲ್ಲಿತ್ತು. ಅಂಥ ಹೊತ್ತಿನಲ್ಲಿ ಅವನು ಎಲ್ಲರ ಮುಂದೆ ನಿಂತು, ಯಾರ ಎತ್ತು ಹೊಡೆದುಕೊಂಡಿದ್ದೇನೆ, ಯಾರ ಕತ್ತೆ ತೆಗೆದುಕೊಂಡಿದ್ದೇನೆ, ಯಾರಿಂದ ಲಂಚ ತಿಂದಿದ್ದೇನೆ, ಹೇಳಿರಿ, ತಿರುಗಿ ಕೊಡುತ್ತೇನೆ ಅಂತ ಕೇಳುತ್ತಾನೆ. ಜನ, ನೀನು ಏನೂ ತೆಗೆದುಕೊಂಡಿಲ್ಲ ಅಂದರು. ಅದಕ್ಕೆ ಸಾಕ್ಷಿ ಇಟ್ಟ. ಆಮೇಲೆ ಅವರ ತಪ್ಪನ್ನು ಅವರ ಮುಖದ ಮುಂದೆಯೇ ಹೇಳಿದ, ಬೆನ್ನ ಹಿಂದೆ ಅಲ್ಲ. ಕೊನೆಗೆ, ನಿಮಗಾಗಿ ಪ್ರಾರ್ಥಿಸುವುದನ್ನು ಮಾತ್ರ ಬಿಡುವುದಿಲ್ಲ ಅಂದ. ಮೊದಲು ಲೆಕ್ಕ, ಆಮೇಲೆ ಸತ್ಯ, ಕೊನೆಗೆ ಆಶೀರ್ವಾದ. ಈ ಅನುಕ್ರಮ ನೆನಪಿಡ್ರಿ. ಹಲ್ಲೆಲೂಯಾ.

ಇದನ್ನು ನಮ್ಮ ನೌಕರಿಗೆ ಹಚ್ಚಿ ನೋಡೋಣ. ಬಿಡುವ ವಿಷಯ ಮೊದಲು ಮೇಲಿನವರಿಗೆ ಬಾಯಿಂದ ಹೇಳು, ವಾಟ್ಸಾಪ್ ಸ್ಟೇಟಸ್ ನೋಡಿ ಅವರಿಗೆ ಗೊತ್ತಾಗಬಾರದು. ಪತ್ರ ನಾಲ್ಕು ಸಾಲು ಸಾಕು: ಇಂಥ ಹುದ್ದೆಗೆ ರಾಜೀನಾಮೆ, ಕಡೆಯ ದಿನ ಇಂಥದು, ಕೆಲಸ ಒಪ್ಪಿಸಿಕೊಡುತ್ತೇನೆ, ಇಲ್ಲಿಯವರೆಗಿನ ಅವಕಾಶಕ್ಕೆ ವಂದನೆ. ಒಂದು ಪ್ರತಿಯ ಮೇಲೆ ತಲುಪಿದೆ ಅಂತ ಸಹಿ ಹಾಕಿಸಿಕೋ. ಕಾರಣವನ್ನೆಲ್ಲ ಬರೆಯಲೇಬೇಕು ಅಂತಿಲ್ಲ. "ಸ್ವಂತ ಕಾರಣ" ಅಂದರೆ ಸುಳ್ಳಲ್ಲ. ಆದರೆ ಇಲ್ಲದ ರೋಗ, ಇಲ್ಲದ ಮದುವೆ ಹೇಳಿದರೆ ಸುಳ್ಳು. ಸುಮ್ಮನಿರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಬಾಕಿ ಕೆಲಸ ಒಂದು ನೋಟುಬುಕ್ಕಿನಲ್ಲಿ ಬರೆದಿಡು. ಕೀಲಿ, ಕಾಗದ, ಮಷಿನು ಕೊಟ್ಟು ರಸೀದಿ ತಗೋ. ಕಡೆಯ ತಿಂಗಳು ಮೊದಲ ತಿಂಗಳಿನ ಹಾಗೇ ದುಡಿ. ಆಮೇಲೆ ಹೊಸ ಜಾಗದಲ್ಲಿ ಕುಂತು ಹಳೇ ಜಾಗದ ಜಂತಿ ಎಣಿಸಬ್ಯಾಡ.

ನಿನಗೆ ಬರಬೇಕಾದ್ದನ್ನು ಕೇಳುವುದೂ ದುರಾಸೆ ಅಲ್ಲ. ಪಿಎಫ್ ಹಣವನ್ನು ಅವಸರಕ್ಕೆ ತೆಗೆಯದೆ ಹೊಸ ಕೆಲಸಕ್ಕೆ ವರ್ಗಾಯಿಸಿಕೋ. 10 ವರ್ಷದ ಸೇವೆ ಕೂಡಿದರೆ ಪಿಂಚಣಿಗೆ ಹಕ್ಕು ಬರುತ್ತದೆ. 1972ರ ಗ್ರಾಚ್ಯುಟಿ ಕಾಯ್ದೆಯಿಂದ ಬಂದ ನಿಯಮದ ಪ್ರಕಾರ, 10 ಅಥವಾ ಹೆಚ್ಚು ಮಂದಿ ಇರುವಲ್ಲಿ 5 ವರ್ಷ ಬಿಡದೆ ದುಡಿದವನು ತಾನಾಗಿ ರಾಜೀನಾಮೆ ಕೊಟ್ಟರೂ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿ ಸಿಗಬೇಕು, ಅದೂ 30 ದಿನದೊಳಗೆ. ಖಾಸಗಿ ಶಾಲೆಯ ಶಿಕ್ಷಕರಿಗೂ ಇದು ಅನ್ವಯ. ಬಹಳ ಮಂದಿ ಗೊತ್ತಿಲ್ಲದೆ ಬಿಟ್ಟು ಬರುತ್ತಾರೆ.

ಇಲ್ಲಿ ಅಂಗಡಿ ನಡೆಸುವವರು, ಆಳು ಇಟ್ಟುಕೊಂಡವರು, ಶಾಲೆಯ ಮಂಡಳಿಯಲ್ಲಿ ಇರುವವರು ಸಹ ಕೂತಿದ್ದೀರಿ. ನಿಮಗೂ ಒಂದು ಮಾತು. ಹೋಗುವವನ ಕಡೆಯ ತಿಂಗಳ ಪಗಾರ ಹಿಡಿಯಬ್ಯಾಡ್ರಿ. ಅವನ ಮಾರ್ಕ್ಸ್ ಕಾರ್ಡು ಒತ್ತೆ ಇಟ್ಟುಕೊಳ್ಳಬ್ಯಾಡ್ರಿ. ಅನುಭವ ಪತ್ರಕ್ಕೆ ನಾಲ್ಕು ತಿಂಗಳು ಅಲೆದಾಡಿಸಬ್ಯಾಡ್ರಿ. ತಡೆಹಿಡಿದ ಕೂಲಿ ತಾನೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಅಂತ ಅಪೊಸ್ತಲನಾದ ಯಾಕೋಬನು ತನ್ನ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಎಚ್ಚರಿಸುತ್ತಾನೆ. ಒಬ್ಬ ಹುಡುಗ ಹೇಳದೆ ಓಡಿಹೋದ ಅಂತ ಬೈಯುವ ಮುಂಚೆ ಕೇಳಿಕೊಳ್ರಿ, ಹೇಳಿ ಹೋದವನನ್ನು ನಾನು ಹೇಗೆ ನಡೆಸಿಕೊಂಡಿದ್ದೆ? ಹೇಳಿದವನಿಗೆ ಶಿಕ್ಷೆ ಆಗುವ ಕಡೆ ಎಲ್ಲರೂ ಓಡಿಹೋಗುವುದನ್ನೇ ಕಲಿಯುತ್ತಾರೆ. ಲಾಬಾನನಂಥ ಮಾಲೀಕನಿಗೆ ಯಾಕೋಬನಂಥ ಆಳೇ ಸಿಗುತ್ತಾನೆ.

ಆದರೂ ಪ್ರಿಯರೇ, ಮಾಲೀಕ ಲಾಬಾನ ಆಗಿದ್ದರೂ ನಾವು ಸಮುವೇಲ ಆಗಬಹುದು. ಅವನು ಒಳ್ಳೆಯವನು ಅಂತ ಅಲ್ಲ. ನಾವು ಅಲ್ಲಿ ಕಳೆದ ವರ್ಷಗಳು ನಮ್ಮ ಆಯುಷ್ಯದ ವರ್ಷಗಳು. ಅವುಗಳನ್ನು ಸುಳ್ಳಿನಿಂದಲೋ ಜಗಳದಿಂದಲೋ ಮುಗಿಸಿದರೆ ಹಾಳಾಗೋದು ನಮ್ಮ ದುಡಿಮೆಯೇ.

ಈ ವಾರ ಕೆಲಸ ಬಿಡುವ ಯೋಚನೆಯಲ್ಲಿ ಇರುವವರು, ಈಗಾಗಲೇ ಬಿಟ್ಟು ಮನೆಯಲ್ಲಿ ಕೂತವರು, ಪಗಾರ ಸಿಗದೆ ಅಲೆಯುವವರು, ಕೂಟ ಮುಗಿದ ಮೇಲೆ ಮುಂದೆ ಬರ್ರಿ, ಕೂಡಿ ಪ್ರಾರ್ಥಿಸೋಣ. ಪತ್ರ ಬರೆಯಲು ಬಾರದವರಿಗೆ ನಮ್ಮ ಯೌವನಸ್ಥರು ಬರೆದುಕೊಡುತ್ತಾರೆ. ಒಳ್ಳೆಯ ಲೆಕ್ಕ ಒಪ್ಪಿಸಿ, ತಲೆ ಎತ್ತಿ ಹೊರಡುವ ಕೃಪೆಯನ್ನು ಕರ್ತನು ನಮ್ಮೆಲ್ಲರಿಗೂ ಕೊಡಲಿ. ಆಮೆನ್.