ಬೆರಳಿನಷ್ಟು ಆಸರೆ

ಬಸ್ಸಿಗೆ ಕಾಯುತ್ತ ನಿಂತಿರುವಾಗ ಯಾರಾದರೂ ಕೇಳಿದರೆ ‘ಸುಮ್ನೆ ನಿಂತಿದೀನಿ’ ಎನ್ನುತ್ತೇವೆ. ದೇಹಕ್ಕಾದರೋ ಸುಮ್ಮನೆ ನಿಲ್ಲುವುದೆಂದರೇನೆಂದು ಗೊತ್ತೇ ಇಲ್ಲ. ಮೈಭಾರವು ಪಾದದ ಕೀಲಿಗಿಂತ ತುಸು ಮುಂದಕ್ಕೇ ಬೀಳುವುದರಿಂದ ನಿಂತವರೆಲ್ಲ ಕಾಣದಷ್ಟು ಮೆಲ್ಲಗೆ ಮುಂದಕ್ಕೆ ವಾಲುತ್ತಲೇ ಇರುತ್ತಾರೆ, ಮೀನಖಂಡಗಳು ಅವರನ್ನು ಹಿಂದಕ್ಕೆ ಸೆಳೆಯುತ್ತಲೇ ಇರುತ್ತವೆ. ಎಷ್ಟು ವಾಲಿದೆವೆಂಬ ಸುದ್ದಿಯನ್ನು ಅಂಗಾಲು, ಕೀಲು, ಕಣ್ಣು, ಒಳಗಿವಿಗಳು ಬಿಡುವಿಲ್ಲದೆ ಮುಟ್ಟಿಸುತ್ತವೆ. ಈ ಸುದ್ದಿಯ ದಾರಿ ಕೆಟ್ಟರೆ ಏನಾಗುತ್ತದೆಂಬುದನ್ನು ಬರ್ಲಿನ್ನಿನ ವೈದ್ಯ ಮೋರಿಟ್ಸ್ ರೋಂಬರ್ಗ್ 19ನೆಯ ಶತಮಾನದಲ್ಲೇ ಬರೆದಿಟ್ಟರು: ಬೆನ್ನುಹುರಿಯ ಹಿಂಭಾಗ ಸವೆದ ರೋಗಿ ಕಣ್ಣು ತೆರೆದಿರುವಷ್ಟು ಹೊತ್ತು ಹೇಗೋ ನಿಂತಾನು, ಮುಚ್ಚಿದೊಡನೆ ತೂರಾಡುತ್ತಾನೆ.

‘ತನ್ನ ಕಾಲ ಮೇಲೆ ತಾನು ನಿಂತವನು’ ಎಂದು ಒಬ್ಬರನ್ನು ಮೆಚ್ಚುವಾಗ ನಮ್ಮ ಮನಸ್ಸಿನಲ್ಲಿರುವುದು ಯಾರ ಹಂಗೂ ಇಲ್ಲದ ನಿಲುವು. ಅಂಥ ನಿಲುವು ಎಲ್ಲಾದರೂ ಉಂಟೇ? 1994ರಲ್ಲಿ ಜಾನ್ ಜೆಕಾ ಮತ್ತು ಜೇಮ್ಸ್ ಲ್ಯಾಕ್ನರ್ ಎಂಬ ವಿಜ್ಞಾನಿಗಳು ಒಂದು ಸರಳ ಪ್ರಯೋಗವನ್ನು ವರದಿ ಮಾಡಿದರು. ಒಂದು ಪಾದದ ಮುಂದೆ ಇನ್ನೊಂದು ಪಾದವಿಟ್ಟು ನಿಂತವರು ಪಕ್ಕದ ಪಟ್ಟಿಯೊಂದನ್ನು ಬೆರಳ ತುದಿಯಿಂದ ಸುಮ್ಮನೆ ಮುಟ್ಟಬೇಕು. ಒತ್ತಡ 100 ಗ್ರಾಂ ಭಾರವನ್ನೂ ಮೀರಬಾರದು. ಅಷ್ಟರಿಂದ ಮೈ ಬೀಳದಂತೆ ಹಿಡಿದು ನಿಲ್ಲಿಸಲಾಗದು. ಆದರೂ ಓಲಾಟ ಎದ್ದುಕಾಣುವಂತೆ ತಗ್ಗಿತು. ಬೆರಳು ಕೊಟ್ಟದ್ದು ಬಲವನ್ನಲ್ಲ, ‘ನೀನು ಇಲ್ಲಿದ್ದೀಯೆ’ ಎಂಬ ಗುರುತನ್ನು.

ಬೆನ್ನುಹುರಿಗೆ ಪೆಟ್ಟುಬಿದ್ದವರ ಮೇಲೆ ನಡೆದಿರುವ ಇತ್ತೀಚಿನ ಪ್ರಯತ್ನಗಳನ್ನು ಓದುವಾಗ ನನಗೆ ಈ ಬೆರಳೇ ನೆನಪಾಗುತ್ತದೆ. ಚರ್ಮವನ್ನು ಕೊಯ್ಯದೆ, ಸೊಂಟಕ್ಕಿಂತ ತುಸು ಮೇಲೆ ಬೆನ್ನಿಗೆ ಅಂಟಿಸಿದ ಪಟ್ಟಿಯ ಮೂಲಕ ವಿದ್ಯುತ್ತಿನ ಮಿಡಿತಗಳನ್ನು ಹರಿಸುವ ವಿಧಾನವದು. ಡಿಮಿಟ್ರಿ ಸಾಯೆಂಕೊ, ರೆಜಿ ಎಡ್ಜರ್ಟನ್ ಮೊದಲಾದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡ 15 ಮಂದಿ ಹೀಗೆ ಅಲ್ಪ ನೆರವಿನಿಂದ ನಿಂತರು. ಅವರಲ್ಲಿ 7 ಮಂದಿಗೆ ಮಂಡಿಯನ್ನೋ ಸೊಂಟವನ್ನೋ ಇನ್ನೊಬ್ಬರು ಹಿಡಿಯಬೇಕಾಗಲಿಲ್ಲ. ಮೈಯ ಮೇಲ್ಭಾಗದ ಸಮತೋಲಕ್ಕೆ ಬೇಕಾದಾಗ ಅವರ ಕೈಗಳು ಆಸರೆ ಹಿಡಿದಿದ್ದವೆಂಬುದನ್ನೂ ಮರೆಯಬಾರದು. ಇದು ಪವಾಡವಲ್ಲ, ನಡಿಗೆಯಂತೂ ಅಲ್ಲ.

ಆ ವಿದ್ಯುತ್ತು ಕಾಲನ್ನು ಎಳೆದು ನಿಲ್ಲಿಸುವುದಿಲ್ಲವೆಂದು ಬಲ್ಲವರು ವಿವರಿಸುತ್ತಾರೆ. ಅಂಗಾಲು, ಸ್ನಾಯುಗಳಿಂದ ಸುದ್ದಿ ತರುವ ನರಗಳನ್ನು ಅದು ತಟ್ಟುತ್ತದೆ. ಆಗ ಬೆನ್ನುಹುರಿಯ ಮಂಕುಬಡಿದ ಜಾಲ ಎಚ್ಚರಗೊಂಡು, ಮುರಿದ ಜಾಗವನ್ನು ದಾಟಿ ಬರುವ ಕ್ಷೀಣ ಆಜ್ಞೆಯೂ ಅದಕ್ಕೆ ಕೇಳಿಸತೊಡಗುತ್ತದೆ. ‘ಪೂರ್ತಿ ಹೋಗಿದೆ’ ಎಂದು ಬರೆದಿಟ್ಟ ಎಷ್ಟೋ ಬೆನ್ನುಗಳಲ್ಲಿ ಕೆಲವು ಎಳೆಗಳು ಉಳಿದಿರುತ್ತವಂತೆ. ನಮಗೆ ಕೇಳಿಸದ್ದನ್ನು ಇಲ್ಲವೆಂದು ಬರೆದುಬಿಡುವ ಆತುರ ವೈದ್ಯರಿಗೆ ಮಾತ್ರವೇ ಇರುವುದೇ? ಓದು ಹತ್ತದ ಹುಡುಗನ ಬಗ್ಗೆ, ಮಾತು ನಿಂತ ಮುದುಕರ ಬಗ್ಗೆ ನಾವೂ ಅಷ್ಟೇ ಬೇಗ ಕೈಚೆಲ್ಲುತ್ತೇವಲ್ಲವೇ? ಕೈಚೆಲ್ಲದವರೋ ಹೊತ್ತುಕೊಂಡೇ ಬಿಡುತ್ತಾರೆ. ಇವೆರಡರ ನಡುವೆ, ಇನ್ನೊಬ್ಬರ ಪ್ರಯತ್ನ ಅವರದೇ ಆಗಿ ಉಳಿಯುವಂತೆ ಮುಟ್ಟುವ ಅಳತೆ ಎಷ್ಟು ನವಿರಾದದ್ದು!

ನಮ್ಮಜ್ಜಿ ಕೊನೆಯ ವರ್ಷಗಳಲ್ಲಿ ನಡುಮನೆಯಿಂದ ಬಚ್ಚಲಿಗೆ ಹೋಗುವಾಗ ಗೋಡೆಯನ್ನು ಬೆರಳುಗಳಿಂದ ಸವರುತ್ತ ಹೋಗುತ್ತಿದ್ದಳು. ಒರಗುತ್ತಿರಲಿಲ್ಲ, ಹಿಡಿಯುತ್ತಿರಲಿಲ್ಲ. ಬಿದ್ದುಬಿಟ್ಟಾಳೆಂದು ನಾವು ಓಡಿಹೋಗಿ ರಟ್ಟೆ ಹಿಡಿದರೆ, ‘ಬಿಡೋ ಮಗಾ, ಹಿಡಕೊಂಡ್ರೆ ನಂಗೆ ದಾರಿ ತಪ್ತದೆ’ ಎನ್ನುತ್ತಿದ್ದಳು. ಮುಪ್ಪಿನ ಹಟವೆಂದುಕೊಂಡು ನಾವು ಬಿಡುತ್ತಲೇ ಇರಲಿಲ್ಲ. ಸುಣ್ಣದ ಗೋಡೆಯ ಮೇಲೆ, ಅವಳ ಸೊಂಟದೆತ್ತರಕ್ಕೆ, ಬೆರಳು ಸವರಿದ ಒಂದು ಮಾಸಲು ಗೆರೆ ಬಚ್ಚಲ ಬಾಗಿಲವರೆಗೂ ಹೋಗಿತ್ತು. ಅವಳು ಹೋದ ವರ್ಷ ದೀಪಾವಳಿಗೆ ಸುಣ್ಣ ಬಳಿಯುವಾಗ ಅದು ಎರಡು ಸಲ ಬಳಿದರೂ ತೆಳ್ಳಗೆ ಕಾಣಿಸುತ್ತಿತ್ತು. ಮೂರನೆಯ ಸಲಕ್ಕೆ ಅಪ್ಪ ಕುಂಚ ಅದ್ದಲಿಲ್ಲ.